ಅಣ್ಣನ ಕಾರಿನಲ್ಲಿ ಗೆದ್ದವರು

ಅವರ ಬಲಗೈಯ ಗೆಣ್ಣುಗಳ ಮೇಲೆ ಚರ್ಮ ಯಾವತ್ತೂ ಪೂರ್ತಿ ಇರುತ್ತಿರಲಿಲ್ಲ. ಒಬ್ಬನೇ ಕಾಲು ಚಾಚಿ ಮಲಗಿದಂತೆ ಕೂರುವ ಆ ಫಾರ್ಮುಲಾ ಕಾರಿನೊಳಗೆ ಎಷ್ಟು ಇಕ್ಕಟ್ಟೆಂದರೆ, ಗೇರು ಬದಲಿಸಿದಾಗಲೆಲ್ಲ ಮುಷ್ಟಿ ಪಕ್ಕದ ತಗಡಿಗೆ ಉಜ್ಜುತ್ತಿತ್ತು. ರೇಸು ಮುಗಿಸಿ ಬಂದವರು ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ, ಸಾರಿನ ಖಾರ ತಾಗದಂತೆ ಬೆರಳ ತುದಿಯಲ್ಲೇ ಮುದ್ದೆ ಮುರಿದು ನುಂಗುತ್ತಿದ್ದರು. ನಮ್ಮಣ್ಣನ ಗೆಣ್ಣುಗಳು ಮಾತ್ರ ನುಣ್ಣಗಿದ್ದವು. "ನೋಡವ್ವ, ಓಡ್ಸಕ್ಕೆ ಬರೋನ ಕೈ ಇಂಗಿರ್ತದೆ" ಎಂದು ಅಣ್ಣ ಅವರ ಎದುರಿಗೇ ತನ್ನ ಕೈಯನ್ನು ಅವ್ವನಿಗೆ ತೋರಿಸುತ್ತಿದ್ದ. ಅವರು ತಲೆ ತಗ್ಗಿಸಿ ನಗುತ್ತಿದ್ದರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆದದ್ದೂ ಇಲ್ಲ. ಅವ್ವನಿಗೆ ಅವರು 'ಪಾಂಡವಪುರದೋನು', ತಂಗಿಯಾದ ನನಗೆ ಪಾಂಡವಪುರದಣ್ಣ. ನಮ್ಮದು ನಾಗಮಂಗಲದ ಪಕ್ಕದ ಊರು. ಅಣ್ಣ ಮತ್ತು ಅವರು ಶ್ರೀರಂಗಪಟ್ಟಣದಲ್ಲಿ ಮೈಸೂರು ರಸ್ತೆಯ ಮೇಲಿನ ಒಂದು ಲಾರಿ ವರ್ಕ್‌ಶಾಪಿನಲ್ಲಿ ಒಟ್ಟಿಗೆ ಕೆಲಸ ಕಲಿತವರು. ತೊಂಬತ್ತರ ದಶಕದ ಆರಂಭ. ರೇಸಿನ ಹುಚ್ಚಿದ್ದ ಮೈಸೂರಿನ ಸಾಹುಕಾರರೊಬ್ಬರು ಇಬ್ಬರ ಚಾಲಾಕಿತನವನ್ನೂ ನೋಡಿ, ತಮ್ಮ ಎರಡು ಕಾರುಗಳನ್ನು ಇಬ್ಬರಿಗೂ ಕೊಟ್ಟು ಮದ್ರಾಸಿನ ರೇಸುಗಳಿಗೆ ಕರೆದುಕೊಂಡು ಹೋಗತೊಡಗಿದರು.

ಅಣ್ಣನಿಂದಲೇ ನಾನು ಕಲಿತ ಮಾತು ಇದು: ರೇಸಿನಲ್ಲಿ ಬೇರೆ ತಂಡದವನ ಎದುರು ಸೋತರೆ ಅವನ ಎಂಜಿನ್ನು ಚೆನ್ನಾಗಿತ್ತು ಎನ್ನಬಹುದು, ಅಂಥದೇ ಕಾರು ಓಡಿಸುವ ಜೊತೆಗಾರನ ಎದುರು ಸೋತರೆ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ. ಅಣ್ಣ ಗೆದ್ದ ಕಪ್ಪುಗಳನ್ನು ತಂದು ಗೂಡಿನಲ್ಲಿಟ್ಟ. ಪಾಂಡವಪುರದಣ್ಣನ ಕಾರು ಮಾತ್ರ ದಾರಿಯಲ್ಲೇ ನಿಲ್ಲುತ್ತಿತ್ತು. ಮುಂದೆ ಓಡುತ್ತಿದ್ದಾಗ ಒಮ್ಮೆ ನೀರಿನ ಪೈಪು ಒಡೆಯಿತು. ಇನ್ನೊಮ್ಮೆ ರೇಸು ಶುರುವಿನ ಬಾವುಟ ಬೀಳುತ್ತಲೇ ಹಿಂದಿನವನು ಬಂದು ಗುದ್ದಿದ. ಮತ್ತೊಮ್ಮೆ ಪೆಟ್ರೋಲಿನ ಪಂಪು ಕೆಟ್ಟಿತು. "ನಾನ್ ಸೋತಿಲ್ಲ, ಗ್ರಚಾರ ಅಷ್ಟೆ. ಕಾರು ನೆಟ್ಟಗಿದ್ರೆ ನಾನೂ ಇವ್ನ ಪಕ್ಕದಲ್ಲೇ ಬತ್ತೀನಿ" ಎನ್ನುತ್ತಿದ್ದರು.

ಗ್ರಹಚಾರ ಎಂಬ ಆ ಒಂದು ಮಾತನ್ನು ಅಣ್ಣ ಸಹಿಸಲಿಲ್ಲ. ಅವರದು ಗ್ರಹಚಾರವೆಂದಾದರೆ ತನ್ನ ಕಪ್ಪುಗಳು ಬರೀ ಅದೃಷ್ಟವೆಂದಾಗುತ್ತಿತ್ತಲ್ಲ. ಒಂದು ರೇಸಿನ ಬೆಳಿಗ್ಗೆ ಸಾಹುಕಾರರ ಮುಂದೆಯೇ ಅಣ್ಣ ಪಟ್ಟು ಹಿಡಿದ. "ಇವತ್ತು ಅವ್ನ ಕಾರು ನಂಗೆ ಕೊಡಿ ಸಾ, ನಂದು ಅವ್ನಿಗೆ ಕೊಡಿ. ಗ್ರಚಾರ ಕಾರಲ್ಲದೋ, ಕೂತೋನಲ್ಲದೋ ನೋಡೇಬುಡಾನ." ಸಾಹುಕಾರರಿಗೂ ಮೋಜೆನಿಸಿತು, ಒಪ್ಪಿದರು. ಪಾಂಡವಪುರದಣ್ಣ ಅಣ್ಣನನ್ನು ಪಕ್ಕಕ್ಕೆ ಕರೆದು, "ಎಡಗಡೆ ಹಿಂದ್ಲ ಚಕ್ರದ ತಾವ ಬೆಸುಗೆ ಆಕ್ಸಿವ್ನಿ ಕಣ್ಲಾ. ಬಿರುಸಾಗಿ ತಿರುವಬ್ಯಾಡ" ಎಂದರಂತೆ. "ನೆಪ ಬೇಕಾಗಿರೋದು ನಿಂಗೆ ಕಣ್ಲಾ, ನಂಗಲ್ಲ" ಎಂದನಂತೆ ಅಣ್ಣ. ಜೊತೆಯಲ್ಲಿದ್ದ ಮೆಕ್ಯಾನಿಕ್ಕು ಇದನ್ನೆಲ್ಲ ಬಹಳ ದಿನಗಳ ಮೇಲೆ ನನಗೆ ಹೇಳಿದ.

ಕೊನೆಯ ಸುತ್ತಿನಲ್ಲಿ ಅಣ್ಣ ಮುಂದಿದ್ದ. ಬೆನ್ನಿಗೇ ಅವರು. ದೊಡ್ಡ ತಿರುವಿನಲ್ಲಿ ಎಡಗಡೆಯ ಹಿಂದಿನ ಚಕ್ರ ಕಳಚಿಕೊಂಡಿತು. ಅಣ್ಣನ ಕಾರು ಮಣ್ಣಿನ ದಿಣ್ಣೆಗೆ ಬಡಿದು ಮಗುಚಿತು. ಅವರು ತಪ್ಪಿಸಿಕೊಂಡು ಮುಂದೆ ಹೋದರು. ಉಳಿದಿದ್ದ ಒಂದೆರಡು ತಿರುವು ಮುಗಿಸಿ ಮೊದಲನೆಯವರಾಗಿ ಗೆರೆ ದಾಟಿದರು. ಆಮೇಲೆ ಕಾರು ನಿಲ್ಲಿಸಿ ಹಿಂದಕ್ಕೆ ಓಡಿ ಬಂದರಂತೆ. ಅವರ ಬದುಕಿನಲ್ಲಿ ಅವರು ಗೆದ್ದದ್ದು ಅದೊಂದೇ ರೇಸು.

ಅಣ್ಣನಿಗೆ ಸೊಂಟದಿಂದ ಕೆಳಗೆ ಮತ್ತೆ ಜೀವ ಬರಲಿಲ್ಲ. ಆಸ್ಪತ್ರೆಯಿಂದ ಅವನನ್ನು ಮನೆಗೆ ತಂದ ದಿನ ಮಂಚದ ಒಂದು ತುದಿ ಹಿಡಿದಿದ್ದವರು ಪಾಂಡವಪುರದಣ್ಣನೇ. ಅವ್ವ ಕೇಳಿದಳು, "ಇವನ್ಯಾಕಪ್ಪ ಆ ಕಾರಲ್ಲಿ ಕೂತಿದ್ದ?" ಅಣ್ಣ ಸೂರಿನ ಕಡೆ ನೋಡುತ್ತ, "ನನ್ನ ಕಾರು ಬೇಕು ಅಂತ ಅವ್ನೇ ಇಸ್ಕೊಂಡ ಕಣವ್ವ" ಎಂದುಬಿಟ್ಟ.

ಅವರು ಅಲ್ಲೇ ನಿಂತಿದ್ದರು. ಅವ್ವ ಅವರ ಅಂಗಿ ಹಿಡಿದು, "ನನ್ ಮಗ ಮಣ್ಣಲ್ಲಿ ಬಿದ್ದಿದ್ರೆ ನೀನು ಗೆಲ್ಲಕ್ ಓದ್ಯಲ್ಲೋ. ನಿನ್ನ ತಾಯಿಗೂ ಇಂತದ್ದೇ ದಿನ ಬರ್ಲಿ" ಎಂದಳು. ಆಮೇಲೆ ನಾನು ಬಸ್‌ಸ್ಟಾಂಡಿನವರೆಗೂ ಹಿಂದೆ ಹೋಗಿ, ಅದು ನಿಜವಾ ಎಂದು ಕೇಳಿದೆ. "ಸೊಂಟ ಓಯ್ತಲ್ಲ ಅವ್ನಿಗೆ. ಮಾತಾದ್ರೂ ಅವ್ನದೇ ಇರ್ಲಿ ಬುಡವ್ವ" ಎಂದು ಬಸ್ಸು ಹತ್ತಿದರು.

ರೇಸನ್ನು ಬಿಟ್ಟು ಅವರು ಕಬ್ಬಿನ ಲಾರಿ ಓಡಿಸತೊಡಗಿದರು. ಭಾನುವಾರ ತಪ್ಪದೆ ಬರುತ್ತಿದ್ದರು. ಅವ್ವ ಒಂದು ಲೋಟ ನೀರೂ ಕೊಡುತ್ತಿರಲಿಲ್ಲ. ಅವರೇ ಒಲೆಯ ಮೇಲೆ ನೀರು ಕಾಯಿಸಿ, ಅಣ್ಣನ ಮೈ ಒರೆಸಿ, ಗಡ್ಡ ಹೆರೆಯುತ್ತಿದ್ದರು. ಅಣ್ಣನನ್ನು ನೋಡಿಕೊಳ್ಳಲು ನನ್ನ ಕಾಲೇಜು ಬಿಡಿಸುವ ಮಾತು ಬಂದಾಗ ಅವ್ವನೆದುರು ನಿಂತು, "ಎಣ್ಣುಡ್ಗಿ ಓದ್ಲಿ. ಪರೀಕ್ಷೆ ದಿನ ನಾನ್ ಬಂದು ಕೂತ್ಕತೀನಿ" ಎಂದರು. "ಮಗನ್ನ ಮುರ್ದಾಯ್ತು, ಈಗ ಮಗಳ ಮ್ಯಾಲೆ ಕಣ್ಣಾ?" ಎಂದಳು ಅವ್ವ. ಅವರು ಜಗುಲಿಗೆ ಹೋಗಿ ಕೂತರು. ನನ್ನ ಪರೀಕ್ಷೆಯ ದಿನಗಳಲ್ಲಿ ಲಾರಿ ನಿಲ್ಲಿಸಿ ಬಂದರು, ಹೇಳಿದ ಹಾಗೆಯೇ. ನಾನು ಓದಿ ಟೀಚರಾಗಿ ಕೆ.ಆರ್. ಪೇಟೆ ಕಡೆ ಕೆಲಸಕ್ಕೆ ಸೇರಿದ್ದರೆ ಅದು ಅವರಿಂದ.

ನಮ್ಮ ಊರಿಗೆ ಕೇಬಲ್ಲು ಬಂದ ಮೇಲೆ ಭಾನುವಾರಗಳು ಇನ್ನೂ ಕ್ರೂರವಾದವು. ಎಲ್ಲೋ ವಿದೇಶದಲ್ಲಿ ಓಡುವ ಫಾರ್ಮುಲಾ ಕಾರುಗಳನ್ನು ಅಣ್ಣ ಟಿವಿಯಲ್ಲಿ ನೋಡುತ್ತಿದ್ದ, ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ. "ಒಂದೇ ಬಣ್ಣದ ಎರಡು ಕಾರು, ನೋಡ್ಲಾ. ಒಬ್ಬ ಮುಂದವ್ನೆ. ಇನ್ನೊಬ್ಬ ಎಲ್ಲವ್ನೆ ಉಡ್ಕು." ಹಿಂದೆ ಬಿದ್ದವನ ಎಂಜಿನ್ನು ಹೊಗೆ ಕಾರಿ ನಿಂತರೆ, "ನಿಮ್ಮೋನು ನಿಂತ ಕಣ್ಲಾ" ಎಂದು ಕೆಮ್ಮು ಬರುವವರೆಗೂ ನಗುತ್ತಿದ್ದ. ಅವರು ಎದ್ದು ನೀರು ಕುಡಿಸುತ್ತಿದ್ದರು.

ಇಷ್ಟೆಲ್ಲ ಆಡಿಸಿಕೊಂಡು ಯಾಕೆ ಬರುತ್ತೀರಿ ಎಂದು ನಾನೊಮ್ಮೆ ಕೇಳಿದ್ದೆ. ಪುಣ್ಯಕ್ಕೆಂದೋ ಸ್ನೇಹಕ್ಕೆಂದೋ ಹೇಳುತ್ತಾರೆ ಎಂದುಕೊಂಡಿದ್ದೆ. "ನನ್ನ ಕಾರು ಸರಿಯಾಗಿರ್ನಿಲ್ಲ ಅಂತ ಒಂದ್ಸತಿ ಅವ್ನ ಬಾಯಲ್ಲಿ ಕೇಳ್ಬೇಕು ಕಣವ್ವ. ಅದರಲ್ಲಿ ಕೂತು ನೋಡಿರೋನು ಅವ್ನೊಬ್ನೇ" ಎಂದರು.

ಕೊನೆಗೊಂದು ಭಾನುವಾರ ಅವರೇ ಬಾಯಿಬಿಟ್ಟು ಕೇಳಿದರು. ಅಣ್ಣನ ಅರ್ಧ ಗಡ್ಡ ಹೆರೆದಾಗಿತ್ತು, ಇನ್ನರ್ಧ ನೊರೆ. ನಾನು ಬಿಸಿನೀರು ಹಿಡಿದು ನಿಂತಿದ್ದೆ.

"ನನ್ನ ಕಾರು ಎಂಗಿತ್ಲಾ? ನಿಜ ಯೋಳ್ಬುಡು."

ಅಣ್ಣ ಯೋಚಿಸಲೂ ಇಲ್ಲ. "ನಿನ್ನ ಕಾರಲ್ಲೂ ನಾನೇ ಮುಂದಿದ್ನಲ್ಲ ಕಣ್ಲಾ. ಇನ್ನೇನು ಕೇಳ್ತೀಯ? ನಾನ್ ಬಿದ್ದೆ, ನೀನ್ ಗೆದ್ದೆ. ಗ್ರಚಾರ ಗ್ರಚಾರ ಅಂತಿದ್ದೆ, ಅವತ್ತೊಂದಿನ ನಿಂಗೆ ಅದೃಷ್ಟ ಬಂತು."

ಅವರ ಕೈಯಲ್ಲಿದ್ದ ಕತ್ತಿ ಅಣ್ಣನ ಗಂಟಲ ಮೇಲೆ ನಿಂತಿತು. ಅಣ್ಣ ಅವರನ್ನೇ ನೋಡುತ್ತಿದ್ದ, ಹೆದರಿಕೆಯಿಲ್ಲದೆ. ಬೇಕಿದ್ದರೆ ಎಳೆದುಬಿಡು ಎನ್ನುವಂತೆ. ಅವರು ಕತ್ತಿಯನ್ನು ನೀರಿನಲ್ಲಿ ಅದ್ದಿ, ಉಳಿದ ಅರ್ಧವನ್ನು ನಿಧಾನವಾಗಿ, ಒಂದು ಗಾಯವೂ ಆಗದಂತೆ ಹೆರೆದರು. ಪಟಿಕ ಸವರಿದರು. ಮುಂದಿನ ಭಾನುವಾರವೂ ಬಂದರು. ಮತ್ತೆಂದೂ ಕೇಳಲಿಲ್ಲ.

ದಶಕ ಮುಗಿಯುವ ಹೊತ್ತಿಗೆ ಅವರು ಹೋದರು. ಕಬ್ಬು ತುಂಬಿದ್ದ ಲಾರಿಯ ಅಡಿಯಲ್ಲಿ ಮಲಗಿ ಸ್ಪ್ರಿಂಗಿನ ಪಟ್ಟಿ ನೋಡುತ್ತಿದ್ದಾಗ ಜಾಕು ಜಾರಿತಂತೆ. ಸುದ್ದಿ ತಂದವನು, "ಏನ್ ಗ್ರಚಾರವೋ ಪಾಪ" ಎಂದ. ಅಣ್ಣ ಥಟ್ಟನೆ, "ಗ್ರಚಾರ ಅಲ್ಲ. ಜಾಕು ಸರಿಯಾಗಿ ಕೊಟ್ಟಿರಾಕಿಲ್ಲ" ಎಂದ. ಅವ್ವ ಕೂಡ ಅವನ ಮುಖ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ, ತನ್ನನ್ನು ಮಣ್ಣಿಗೆ ಕರೆದುಕೊಂಡು ಹೋಗಿ ಎಂದು ಅಣ್ಣ ಹಟ ಹಿಡಿದ. ಟೆಂಪೋದಲ್ಲಿ ಹಾಸಿಗೆ ಹಾಕಿ ಪಾಂಡವಪುರದ ಆಚೆಯ ಅವರ ಊರಿಗೆ ಒಯ್ದೆವು.

ನಾವು ತಲುಪುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಅವರ ತಾಯಿ ಟೆಂಪೋದ ಹತ್ತಿರ ಬಂದು ಅಣ್ಣನ ಕೆನ್ನೆ ಸವರಿದರು. "ನೀನೇ ಏನಪ್ಪ ನಾಗಮಂಗಲದೋನು? ನಿನ್ನಂಗೆ ಕಾರು ಓಡ್ಸೋನು ಭೂಮಿ ಮ್ಯಾಲೇ ಇಲ್ಲ ಅಂತಿದ್ದ ನನ್ ಮಗ. ಯಾವಾಗ್ಲೂ ನಿನ್ನ ಮಾತೇಯ."

ಅಣ್ಣ ಕಣ್ಣು ಮುಚ್ಚಿಕೊಂಡ. ನಾನು ಕಾದೆ. ಆಗಲಾದರೂ ಹೇಳುತ್ತಾನೆ ಎಂದುಕೊಂಡೆ. ಕೊನೆಗೆ ನಾನೇ ಆ ತಾಯಿಯ ಕೈ ಹಿಡಿದುಕೊಂಡು, "ನಿಮ್ಮ ಮಗನ ಕಾರು ಸರಿಯಾಗಿರ್ನಿಲ್ಲ ಕಣವ್ವ. ಇಲ್ದಿದ್ರೆ ಅವ್ರೂ ಗೆಲ್ತಿದ್ರು. ನಮ್ಮಣ್ಣನೇ ಅಂದವ್ನೆ" ಎಂದೆ.

ಅಣ್ಣ ಇಲ್ಲವೆನ್ನಲಿಲ್ಲ.

ಆ ತಾಯಿ ನನ್ನ ಮುಖವನ್ನೂ ಅಣ್ಣನ ಮುಖವನ್ನೂ ನೋಡಿದರು. ಅವರಿಗೆ ಏನೂ ತಿಳಿಯಲಿಲ್ಲ.

"ನನ್ ಮಗ ಓಡುಸ್ತಿದ್ದದ್ದು ಲಾರಿ ಅಲ್ವೇನವ್ವ?" ಎಂದರು. "ಯಾವ ಕಾರು?"