ಟಗರು ಒಪ್ಪದ ಎತ್ತರ

ಐಮಂಗಲದ ಹೆದ್ದಾರಿ ಪಕ್ಕ ಲಾರಿ ರಿಪೇರಿ ಮಾಡುತ್ತಿದ್ದ ಮೇಸ್ತ್ರಿ, ಯಾರು ಏನು ಮಾಡಿಸಲು ಬಂದರೂ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು, "ತಡಿಯಪ್ಪ, ಲಾರಿ ಹತ್ತೋರ್ನ ಕೇಳಾಣ" ಎನ್ನುತ್ತಿದ್ದರು. ಉತ್ತರ ಸಿಗುವ ತನಕ ಬೀಡಿ ಹಚ್ಚುತ್ತಿರಲಿಲ್ಲ.

ಎಪ್ಪತ್ತರ ದಶಕದಲ್ಲೊಮ್ಮೆ ಕುರಿ ಸಾಗಿಸುವ ನಮ್ಮಣ್ಣ, ದೊಡ್ಡ ಟೈರು ಹಾಕಿಸಬೇಕು, ಲಾರಿ ಎತ್ತರಿಸಿಕೊಡಿ ಎಂದ. ಮೇಸ್ತ್ರಿ ಲಾರಿಯ ಹಿಂಭಾಗವನ್ನು ಕುರಿ ಹತ್ತಿಸುವ ದಿಬ್ಬಕ್ಕೆ ತಾಗಿಸಿ, ಅವನು ಹೇಳಿದಷ್ಟು ಎತ್ತರಕ್ಕೆ ಚಕ್ರಗಳ ಕೆಳಗೆ ಚಪ್ಪಡಿ ಕೊಟ್ಟರು. ಅವತ್ತು ಸಾಗಿಸಬೇಕಿದ್ದ ಮಂದೆಯನ್ನು ದಿಬ್ಬ ಹತ್ತಿಸಿದಾಗ, ಎಲ್ಲಕ್ಕಿಂತ ಮುಂದಿದ್ದ ಟಗರು ದಿಬ್ಬಕ್ಕಿಂತ ಮೇಲೆದ್ದಿದ್ದ ಲಾರಿಯ ಅಂಚನ್ನು ಮೂಸಿ ಹಿಂದಿರುಗಿತು. ಮಂದೆಯೆಲ್ಲ ಅದರ ಹಿಂದೆಯೇ ಹೊರಟಿತು.

"ಒಂದೊಂದೇ ಎತ್ತಿ ಹಾಕ್ಕಳಪ್ಪ," ಎಂದು ಕುರಿಗಳ ಒಡತಿ ಅಜ್ಜಿ ನೆರಳಿಗೆ ಹೋಗಿ ಕುಂತಳು.

ಅಣ್ಣ ಒಂದು ಕುರಿ ಎತ್ತಿ ಹಾಕಿ ಸೊಂಟ ಹಿಡಿದುಕೊಂಡ. "ಮೊದ್ಲಿದ್ದಂಗೇ ಇರ್ಲಿ ಬಿಡ್ರಿ," ಎಂದ.

ಮೇಸ್ತ್ರಿ ಟಗರಿನ ಬೆನ್ನು ತಟ್ಟಿ ಬೀಡಿ ಹಚ್ಚಿದರು.