ಯಾರೂ ದೂರು ಕೊಡದ ಗುಂಡಿ

ಪುರಸಭೆಯ ರಸ್ತೆ ಕೆಲಸದ ಮೇಸ್ತ್ರಿಗೆ ಊರಿನವರು ಇಟ್ಟ ಹೆಸರು ಗುಂಡಿ ಮೇಸ್ತ್ರಿ. ಜೀವಮಾನವೆಲ್ಲ ಗುಂಡಿ ಮುಚ್ಚಿದವನಿಗೆ ಗುಂಡಿಯ ಹೆಸರೇ ಅಂಟಿಕೊಂಡಿತು; ಜನರ ಉಪಕಾರ ಸ್ಮರಣೆ ಇರುವುದೇ ಹೀಗೆ. ಅದಕ್ಕೆ ಅವನೇನೂ ಬೇಸರಪಟ್ಟುಕೊಳ್ಳಲಿಲ್ಲ. ಕೆಲಸದಲ್ಲಿ ಮಾತ್ರ ಆಸಾಮಿ ಬಲು ಖಡಕ್ಕು. ಗುಂಡಿಗೆ ಡಾಂಬರು ಸುರಿದು, ಸಲಿಕೆಯಲ್ಲಿ ಎರಡು ಸಲ ತಟ್ಟಿ ಹೋಗುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಅವನ ಆಳುಗಳು ಗಟ್ಟಿ ರಸ್ತೆ ಸಿಗುವವರೆಗೆ ಗುಂಡಿಯ ಅಂಚನ್ನು ಚೌಕವಾಗಿ ಕಡಿಯಬೇಕು, ಒಳಗಿನ ಕೆಸರನ್ನೆಲ್ಲ ಬಳಿದು ತೆಗೆಯಬೇಕು, ತಳಕ್ಕೂ ಅಂಚಿಗೂ ಬಿಸಿ ಡಾಂಬರು ಸವರಬೇಕು. ಆಮೇಲೆಯೇ ಜಲ್ಲಿ ಬೆರೆತ ಡಾಂಬರು, ಆಮೇಲೆ ರೋಲರ್. "ಹುಳುಕು ಹಲ್ಲನ್ನ ಡಾಕ್ಟ್ರು ಮೊದ್ಲು ಕೊರೀತಾರೋ, ಹಾಗೇ ತುಂಬ್ತಾರೋ?" ಎಂದು ಸೋಮಾರಿಗಳನ್ನು ಗದರುತ್ತಿದ್ದ.

ಪುರಸಭೆಯಲ್ಲಿ ದೊಡ್ಡ ರಸ್ತೆಗಳ ರಿಪೇರಿ ಸರದಿ ಪ್ರಕಾರ ನಡೆಯುತ್ತಿತ್ತು. ಗಲ್ಲಿಗಳಿಗೆ ಮಾತ್ರ ಯಾರಾದರೂ ದೂರು ಕೊಡಬೇಕು. ಇದರ ಜೊತೆಗೆ ಎಲ್ಲೂ ಬರೆದಿಡದ ಇನ್ನೊಂದು ರೂಢಿಯಿತ್ತು. ಸಂಜೆ ಲಾರಿಯ ತಳದಲ್ಲಿ ಉಳಿದ ಡಾಂಬರು ಬೆಳಗಾಗುವಷ್ಟರಲ್ಲಿ ಕಲ್ಲಾಗುತ್ತದೆ, ಆರುವ ಮೊದಲೇ ಅದನ್ನು ಎಲ್ಲಾದರೂ ಹಾಕಿ ಮುಗಿಸಬೇಕು. ಎಲ್ಲಿಗೆ ಎಂಬುದು ಮೇಸ್ತ್ರಿಯ ಇಷ್ಟ. ಇವನಿಗಿಂತ ಮುಂಚೆ ಇದ್ದ ಮೇಸ್ತ್ರಿ ಆ ಉಳಿಕೆಯನ್ನೆಲ್ಲ ತನ್ನ ಮನೆಗೇ ಓಡಿಸಿ, ಅಂಗಳವನ್ನಷ್ಟೇ ಅಲ್ಲ, ಕೋಳಿಗೂಡಿನ ಮುಂದಿನ ಜಾಗವನ್ನೂ ನುಣ್ಣಗೆ ಮಾಡಿಸಿಕೊಂಡಿದ್ದ. "ಕೋಳಿಗಳಿಗೆ ಹೆದ್ದಾರಿ ಹಾಕಿಸಿದ್ದಾನೆ" ಎಂದು ಊರೆಲ್ಲ ಆಡಿಕೊಂಡಿತು. ಆಗ ಬರೀ ಆಳಾಗಿದ್ದ ಇವನೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದ. ಮುಂದೆ ಮೇಸ್ತ್ರಿಯ ಜಾಗಕ್ಕೆ ತಾನೇ ಬಂದಾಗ ಆ ನಗು ಅವನ ಕಿವಿಯಿಂದ ಹೋಗಲೇ ಇಲ್ಲ. ತನ್ನ ಗಲ್ಲಿಗೆ ಉಳಿಕೆಯ ಒಂದು ಬಾಂಡ್ಲಿಯೂ ಬರಕೂಡದು, ದೂರು ಬಂದರೆ ಆಗ ನೋಡೋಣ ಎಂದು ಮನಸ್ಸಿನಲ್ಲೇ ಗೆರೆ ಎಳೆದುಕೊಂಡ.

ಅದೇ ಗಲ್ಲಿಯಲ್ಲಿ, ಅವನ ಮನೆಯಿಂದ ಸ್ವಲ್ಪ ಆಚೆಗೆ, ಅಕ್ಕ ಒಬ್ಬಳೇ ಇದ್ದಳು. ಚಿಕ್ಕಂದಿನಲ್ಲೇ ತಾಯಿ ಹೋದಾಗ ಅವನಿಗೆ ಉಣ್ಣಿಸಿ, ತಲೆ ಬಾಚಿ, ಬೇಕಾದಾಗ ಎರಡು ಬಿಗಿದು ಬೆಳೆಸಿದವಳು ಅವಳೇ. ಶಾಲೆಯ ಆಯಾ ಕೆಲಸದಿಂದ ನಿವೃತ್ತಳಾದ ಮೇಲೂ ಒಂದು ಕಡೆ ಕೂತವಳಲ್ಲ. ಸಂಜೆಯಾದರೆ ಸಾಕು, ಚಪ್ಪಲಿ ಮೆಟ್ಟಿ ಹೊರಟಳೆಂದರೆ ಗಲ್ಲಿಯ ಈ ತುದಿಯ ಸುದ್ದಿ ಆ ತುದಿಗೆ ಮುಟ್ಟಿದಂತೆಯೇ. ಕಾಲಿಲ್ಲದಿದ್ದರೆ ಇವಳು ಬದುಕುವುದಿಲ್ಲ ಎಂದು ತಮ್ಮನೇ ತಮಾಷೆ ಮಾಡುತ್ತಿದ್ದ.

ನೀರಿನ ಪೈಪು ಸೋರಿ ಅಕ್ಕನ ಬಾಗಿಲೆದುರೇ ಒಂದು ಗುಂಡಿ ಬಿತ್ತು. ಆಟೋ ಓಡಿ ಓಡಿ ಅದು ಅಗಲವಾಯಿತು.

"ಏನಪ್ಪಾ, ಊರಿಗೆಲ್ಲ ಡಾಂಬರು ಹಾಕ್ತೀಯ. ನನ್ನ ಬಾಗ್ಲಲ್ಲಿ ಮೀನು ಸಾಕೋ ಯೋಚ್ನೆ ಇದ್ಯಾ?" ಎಂದಳು ಅಕ್ಕ ಒಂದು ದಿನ.

"ನಮ್ಮ ಗಲ್ಲಿಗೆ ನಾನೇ ಹಾಕಿಸ್ಕೊಂಡ್ರೆ ಜನ ಸುಮ್ನಿರ್ತಾರಾ ಅಕ್ಕ? ಮಾತು ಬರುತ್ತೆ."

ಅಕ್ಕ ತಲೆಯಾಡಿಸಿದಳು. ಮತ್ತೆಂದೂ ಆ ಮಾತು ಎತ್ತಲಿಲ್ಲ. ಯಾರಾದರೂ ದೂರು ಕೊಟ್ಟರೆ ಮಾರನೆಯ ದಿನವೇ ಮುಚ್ಚುತ್ತೇನೆ ಎಂಬುದನ್ನು ಅವನೂ ಹೇಳಲಿಲ್ಲ. ದೂರು ಕೊಡಿಸಿ ಕೆಲಸ ಮಾಡಿಕೊಂಡ ಅನ್ನಿಸಿಕೊಳ್ಳುವುದೂ ಅವನಿಗೆ ಬೇಡವಾಗಿತ್ತು. ಇಂಥ ಮರ್ಯಾದೆಗೆ ಏನು ಹೇಳುವುದು.

ಆಫೀಸಿನಲ್ಲಿ ಇಂಜಿನಿಯರ್ ದೂರುಗಳನ್ನು ಓದುವಾಗಲೆಲ್ಲ ಅವನು ತನ್ನ ಗಲ್ಲಿಯ ಹೆಸರಿಗಾಗಿ ಕಿವಿ ನಿಮಿರಿಸಿಕೊಂಡು ನಿಲ್ಲುತ್ತಿದ್ದ. ಬರಲೇ ಇಲ್ಲ. ಚರಂಡಿಯ ಬಗ್ಗೆ, ಬೀದಿದೀಪದ ಬಗ್ಗೆ ಗಂಟಲು ಹರಿಯುವಂತೆ ಕೂಗಾಡುವ ಈ ಜನಕ್ಕೆ ಗುಂಡಿಯ ವಿಷಯದಲ್ಲಿ ಮಾತ್ರ ಬಾಯಿಗೆ ಏನು ಬಡಿದಿದೆ ಎಂದು ಒಳಗೊಳಗೇ ಸಿಡುಕಿದ. ಸಂಜೆ ಉಳಿಕೆಯ ಲಾರಿ ಅವನ ಗಲ್ಲಿಯ ಬಾಯಿಯಲ್ಲೇ ಹಾದು ಬೇರೆ ಕಡೆ ಹೋಗುತ್ತಿತ್ತು. ಡ್ರೈವರ್ ಒಮ್ಮೆ ಬ್ರೇಕ್ ಒತ್ತಿ ಅವನ ಮುಖ ನೋಡಿದ. "ಮುಂದಕ್ಕೆ ಬಿಡು" ಎಂದ ಮೇಸ್ತ್ರಿ.

ಮಳೆ ಹಿಡಿಯಿತು. ಗುಂಡಿಯೂ ರಸ್ತೆಯೂ ಒಂದೇ ನೀರಾಗಿದ್ದ ಹೊತ್ತಿನಲ್ಲಿ ಅಕ್ಕ ಹರಿದ ದಿಂಬಿನ ಚೀಲ ಹೊಲಿಸಲು ಎದುರುಮನೆಯ ದರ್ಜಿಯ ಬಳಿಗೆ ಹೊರಟಳು. ರಸ್ತೆ ಎಂದು ಇಟ್ಟ ಕಾಲು ಗುಂಡಿಗೆ ಇಳಿಯಿತು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಮಾಡಿದ ಡಾಕ್ಟರು, "ವಾಕರ್ ಹಿಡ್ಕೊಂಡು ಮನೆಯೊಳಗೆ ಓಡಾಡ್ಬಹುದು. ಹೊರಗಿನ ಆಸೆ ಬಿಡಿ" ಎಂದರು.

ಮಳೆ ಬಿಡುವು ಕೊಟ್ಟ ಬೆಳಗ್ಗೆ ಮೇಸ್ತ್ರಿ ಯಾರ ದೂರಿಗೂ ಕಾಯಲಿಲ್ಲ. ಉಳಿಕೆಯನ್ನಲ್ಲ, ಮೊದಲ ಲೋಡನ್ನೇ ತನ್ನ ಗಲ್ಲಿಗೆ ತಂದ. ಆಳುಗಳ ಕೈಗೆ ಕೊಡದೆ ತಾನೇ ಹಾರೆ ಹಿಡಿದು ಅಂಚು ಕಡಿದ. ಬಾಗಿಲುಗಳಲ್ಲಿ ಜನ ನಿಂತಿದ್ದರು. ಈಗ ಯಾರಾದರೂ ಏನಾದರೂ ಅಂದೇ ಅನ್ನುತ್ತಾರೆ ಎಂದುಕೊಂಡ; ಅಂದರೆ ಸಾಕಪ್ಪಾ ಎಂದೂ ಅನ್ನಿಸಿತು. ಯಾರೂ ತುಟಿ ಬಿಚ್ಚಲಿಲ್ಲ. ಒಬ್ಬಳು ಆಳುಗಳಿಗೆ ಚಹಾ ತಂದುಕೊಟ್ಟಳು. ಅಳತೆ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ದರ್ಜಿ ಹತ್ತಿರ ಬಂದ.

"ಬೇಜಾರ್ ಮಾಡ್ಕೋಬೇಡಿ ಮೇಸ್ತ್ರಿ. ಹೋದ ವರ್ಷವೇ ನಾವು ನಾಲ್ಕು ಜನ ಸೇರಿ ದೂರು ಕೊಡೋಕೆ ಹೊರಟಿದ್ವಿ. ನಿಮ್ಮಕ್ಕನೇ ತಡೆದ್ರು. 'ನನ್ನ ತಮ್ಮ ಇರೋ ಗಲ್ಲಿಯಿಂದಲೇ ದೂರು ಹೋದ್ರೆ ಆಫೀಸಲ್ಲಿ ಅವನ ಮರ್ಯಾದೆ ಏನಾಗ್ಬೇಕು? ನಾವೇ ಪಕ್ಕಕ್ಕೆ ಸರಿದು ನಡೆಯೋಣ ಬಿಡಿ' ಅಂದ್ರು. ನಮಗೂ ಹೌದು ಅನ್ನಿಸ್ತು."

ಮೇಸ್ತ್ರಿ ಹಾರೆಗೆ ಒರಗಿ ನಿಂತುಬಿಟ್ಟ. ವರ್ಷವಿಡೀ ಅವನು ಕಾದದ್ದು ಆ ಒಂದು ದೂರಿಗೆ. ಅಕ್ಕ ಬಾಯಿಬಿಟ್ಟು ಕೇಳಿದ ದಿನವೇ ಒಂದು ಬಾಂಡ್ಲಿ ಸುರಿದಿದ್ದರೆ ಮುಗಿಯುತ್ತಿತ್ತಲ್ಲ ಎಂದು ಅಷ್ಟು ಜನರ ಎದುರೇ ಕಣ್ಣೊರೆಸಿಕೊಂಡ.

ಅಕ್ಕನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಸಂಜೆ ಅವನು ಅವಳ ಮಂಚದ ಪಕ್ಕ ಕುಳಿತ. ದರ್ಜಿ ಹೇಳಿದ್ದರ ಬಗ್ಗೆ ಕೇಳಬೇಕೆಂದು ಬಂದವನು ಅವಳ ಹೊದಿಕೆ ಸರಿಮಾಡಿದ. ಅಕ್ಕನೇ ಮಾತು ತೆಗೆದಳು.

"ಆಟೋ ಒಂಚೂರೂ ಕುಲುಕಲಿಲ್ಲ ಕಣೋ. ಗುಂಡಿ ಮುಚ್ಚಿಸಿದ್ಯಾ?"

"ಹ್ಞೂಂ ಅಕ್ಕ."

ಅವಳ ಮುಖದಲ್ಲಿ ಗಾಬರಿ ಕಂಡಿತು. ಮೊಣಕೈ ಊರಿ ಏಳಲು ಹೋಗಿ, ನೋವಿಗೆ ಮತ್ತೆ ದಿಂಬಿಗೆ ಒರಗಿದಳು. "ಜನ ಏನಾದ್ರೂ ಅಂದ್ರಾ ನಿಂಗೆ?" ಎಂದು ಮೆಲ್ಲನೆ ಕೇಳಿದಳು.

"ಇಲ್ಲ ಅಕ್ಕ. ಯಾರೂ ಏನೂ ಅನ್ಲಿಲ್ಲ."

"ಸದ್ಯ" ಎಂದು ಅಕ್ಕ ನೆಮ್ಮದಿಯಿಂದ ಉಸಿರು ಬಿಟ್ಟಳು.