ಬೆಲೆಯನ್ನು ಬಾಯಿಬಿಟ್ಟು ಹೇಳಲು ಕಲಿತದ್ದು

ಎತ್ತಿನ ವ್ಯಾಪಾರದಲ್ಲಿ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದಲ್ಲಾಳಿಯಾದವನು ಮೊದಲು ಕೊಳ್ಳುವವನ ಕೈಯನ್ನು ಟವೆಲ್ ಕೆಳಗೆ ಹಿಡಿಯುತ್ತಾನೆ. ಬೆರಳಿನ ಲೆಕ್ಕವೇ ಬೆಲೆ. ಬೆರಳು ಒತ್ತಿದರೆ ಅದೇ ಪ್ರಶ್ನೆ, ತಿರುಗಿ ಒತ್ತಿದರೆ ಅದೇ ಉತ್ತರ. ಆಮೇಲೆ ಮಾರುವವನ ಕೈ. ಸುತ್ತ ಇಪ್ಪತ್ತು ಜನ ನಿಂತು ಇಣುಕುತ್ತಿದ್ದರೂ ಯಾರಿಗೂ ಏನೂ ತಿಳಿಯುವುದಿಲ್ಲ. ಹಿರಿಯೂರು, ಹೊಸದುರ್ಗದ ಕಡೆಯ ದನದ ಸಂತೆಗಳಲ್ಲಿ ನಾನು ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದೆ. ಯಾರೂ ಹೇಳಿಕೊಟ್ಟದ್ದಲ್ಲ. ಸಂತೆಗೆ ಹಗ್ಗ, ಮೂಗುದಾರ ಮಾರಲು ಹೋಗುತ್ತಿದ್ದವನು ನೋಡಿ ನೋಡಿ ಕಲಿತೆ.

ಸಂತೆಗೆ ಬರುವ ಎತ್ತಿನ ಜೋಡಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದವು. ಬೆಳಿಗ್ಗೆ ಹತ್ತರೊಳಗೆ ನಾಲ್ಕು ಜೋಡಿ ಮುಗಿಸುತ್ತಿದ್ದ ನಾನು ಒಂದು ಜೋಡಿಗಾಗಿ ಸಂಜೆಯವರೆಗೆ ನಿಲ್ಲತೊಡಗಿದೆ. ಜೊತೆಯ ಇಬ್ಬರು ದಲ್ಲಾಳಿಗಳಲ್ಲಿ ಒಬ್ಬ ಬಬ್ಬೂರು ಕೃಷಿ ಫಾರಂನಲ್ಲಿ ದಿನಗೂಲಿಗೆ ಸೇರಿದ. ಇನ್ನೊಬ್ಬ ಹೊಳಲ್ಕೆರೆಯಲ್ಲಿ ಟೀ ಅಂಗಡಿ ಇಟ್ಟ. ಇಬ್ಬರೂ ಬರಿಗೈಲಿ ಸಂತೆಯಿಂದ ಹಿಂದಿರುಗಿದ ದಿನ, ಸಿಟ್ಟಿನಲ್ಲಿ ತೀರ್ಮಾನ ಮಾಡಿದವರು. ಅದು ತಪ್ಪು. ಒಳ್ಳೆಯ ವ್ಯಾಪಾರವಾದ ದಿನವೂ ಈ ಕೆಲಸ ಬಿಡಬೇಕು ಅನ್ನಿಸುತ್ತದೆಯೇ ನೋಡಿಕೊಳ್ಳಬೇಕು. ಹಾಗೆ ಅನ್ನಿಸಿದರೆ ಮಾತ್ರ ಆ ಯೋಚನೆಗೆ ತೂಕವಿದೆ. ನನಗೆ ಹಾಗೆ ಅನ್ನಿಸಲು ಶುರುವಾಗಿತ್ತು.

ಅದೇ ಹೊತ್ತಿಗೆ ಚಿತ್ರದುರ್ಗದ ಸಾಹೇಬರೊಬ್ಬರು ಸಂತೆಗೇ ಹುಡುಕಿಕೊಂಡು ಬಂದರು. ಹಳೆಯ ಟ್ರ್ಯಾಕ್ಟರ್ ಕೊಂಡು ಮಾರುವವರು, ಹಿರಿಯೂರು ರಸ್ತೆಯಲ್ಲಿ ಅವರದೊಂದು ಶೆಡ್.

“ಯಾವ ಹಳ್ಳೀಲಿ ಏನೈತೆ, ಯಾರು ಮಾರ್ತಾರೆ, ಎಲ್ಲಾ ನಿಮಗೆ ಗೊತ್ತೈತೆ. ನಮ್ಮ ಜತೆ ಬಂದ್ಬಿಡ್ರಿ ಯಜಮಾನ್ರೇ. ತಿಂಗಳಾ ಸಂಬಳ ಕೊಡ್ತೀನಿ,” ಎಂದರು.

“ನನಗೆ ಗೊತ್ತಿರೋದು ಎತ್ತಿನ ಹಲ್ಲು ನೋಡೋದು. ಟ್ರ್ಯಾಕ್ಟರಿಗೆ ಹಲ್ಲೆಲ್ಲೈತೆ ಸಾಹೇಬ್ರೇ?”

“ಗೇರ್‌ಬಾಕ್ಸ್ ಒಳಗೆ ಬೇಕಾದಷ್ಟು ಅವೆ. ಅದ್ನ ನೋಡಾಕೆ ಮೆಕ್ಯಾನಿಕ್ ಅವ್ನೆ. ನೀವು ಮನುಷ್ಯರನ್ನ ನೋಡ್ರಿ. ಸೋಮವಾರದೊಳಗೆ ಹೇಳ್ರಿ, ಇಲ್ಲಾಂದ್ರೆ ಬೇರೆಯವರನ್ನ ನೋಡ್ಕಂತೀನಿ.”

ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಈ ವಾರ ಸಂಬಳವಿಲ್ಲದೆ ಜತೆಗೆ ತಿರುಗುತ್ತೇನೆ, ಆಮೇಲೆ ಮಾತು ಎಂದೆ. ಎತ್ತು ಕೊಳ್ಳುವವನು ಕೂಡ ಒಂದು ಸಾಲು ಉಳುಮೆ ಮಾಡಿಸಿಯೇ ನೋಡುತ್ತಾನಲ್ಲ.

ಮನೆಯಲ್ಲಿ ಹೇಳಿದಾಗ ಹೆಂಡತಿ ಹೊಲಿಗೆ ಮಿಷನ್ ನಿಲ್ಲಿಸದೆಯೇ ನಕ್ಕಳು. “ಸಂಬಳ ಅಂದ್ರೆ ಅವ್ರು ಬಾ ಅಂದಾಗ ಹೋಗ್ಬೇಕು, ಕುಂತ್ಕ ಅಂದಾಗ ಕುಂತ್ಕಬೇಕು. ಊರಿಗೆಲ್ಲಾ ಬುದ್ಧಿ ಹೇಳೋರು ನೀವು, ಯಾರ ಮಾತು ಕೇಳಿದೋರು?”

ಅವಳ ಮಾತು ನಾಟಿತು. ಆದರೆ ನನ್ನ ಅಂಜಿಕೆ ಸಂಬಳದ್ದಲ್ಲ. ಸಂತೆಗೆ ಕಾಲಿಟ್ಟರೆ ನಾಲ್ಕು ಜನ ಎದ್ದು ಜಾಗ ಕೊಡುತ್ತಿದ್ದರು. ನಲವತ್ತೆಂಟನೇ ವಯಸ್ಸಿನಲ್ಲಿ ಏನೂ ಬಾರದವನಾಗಿ ಇನ್ನೊಬ್ಬರ ಹಿಂದೆ ನಿಲ್ಲಬೇಕಲ್ಲ, ಅದು.

ಗುರುವಾರ ಸಾಹೇಬರು, ಮೆಕ್ಯಾನಿಕ್, ನಾನು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಗೆ ಹೋದೆವು. ಬೇವಿನ ಮರದ ಕೆಳಗೆ ಟ್ರ್ಯಾಕ್ಟರ್ ನಿಂತಿತ್ತು. ಜಗಲಿಯ ಮೇಲೆ ಹಿರಿಯರೊಬ್ಬರು ಕುಳಿತಿದ್ದರು. ಮೆಕ್ಯಾನಿಕ್ ಇಂಜಿನ್ ನೋಡಿ ಬಂದು ಕುಂದುಕೊರತೆಗಳನ್ನೆಲ್ಲ ನನ್ನ ಕಿವಿಯಲ್ಲಿ ಹೇಳಿದ. ನಾನು ಹಿರಿಯರ ಪಕ್ಕ ಕುಳಿತು, ಮಳೆ ಬೆಳೆ ಮಾತಾಡಿ, ಹೆಗಲ ಮೇಲಿನ ಟವೆಲ್ಲನ್ನು ಅವರ ಕೈಮೇಲೆ ಹಾಕಿದೆ. ಅವರಿಗೂ ಹಳೆಯ ಸಂತೆಯ ಖುಷಿ ಬಂತು. ಚೆನ್ನಾಗಿಯೇ ಬೆರಳು ಒತ್ತಿದರು. ಕಾಲು ಗಂಟೆಯಲ್ಲಿ, ಸಾಹೇಬರು ಇಷ್ಟರ ಮೇಲೆ ಹೋಗಬೇಡಿ ಎಂದಿದ್ದಕ್ಕಿಂತ ಎಷ್ಟೋ ಕಡಿಮೆಗೆ ಮುಗಿಸಿ ಮುಂಗಡ ಹಿರಿಯರ ಕೈಗಿಟ್ಟೆ. ಸಾಹೇಬರ ಮುಖ ನೋಡಿದೆ. ಅರಳಿತ್ತು.

ಆಗ ಹಿತ್ತಿಲಿನಿಂದ ಆ ಮನೆಯ ಸೊಸೆ ಬಂದಳು. ಕೈಯಲ್ಲಿ ಸ್ಪ್ಯಾನರ್ ಇತ್ತು.

“ಏನಿದು, ನನ್ನ ಟ್ರ್ಯಾಕ್ಟರ್ ಮಾರಿಬಿಟ್ರಾ? ಎಷ್ಟಕ್ಕೆ ಹೋಯ್ತು? ನನಗೂ ಒಂಚೂರು ಹೇಳ್ರಪ್ಪ.”

ಟ್ರ್ಯಾಕ್ಟರ್ ಅವಳ ಹೆಸರಿನಲ್ಲಿತ್ತು. ಸುತ್ತಲ ಹೊಲಗಳನ್ನು ಬಾಡಿಗೆಗೆ ಉಳುವವಳೂ ಅವಳೇ. ದೊಡ್ಡದೊಂದು ಕೊಳ್ಳಲೆಂದು ಇದನ್ನು ಮಾರಲು ಹೊರಟಿದ್ದಳು. ಟ್ರ್ಯಾಕ್ಟರ್ ಮನೆಯಲ್ಲಿ ಯಾರದು ಎಂದು ನಾನು ಕೇಳಿಯೇ ಇರಲಿಲ್ಲ.

“ಒಳ್ಳೆ ರೇಟಿಗೇ ಮಾತಾಡೀನಿ ಕಣಮ್ಮ,” ಎಂದರು ಮಾವ.

“ಮಾವ, ನೀವು ಇದ್ನ ಹತ್ತಿದ್ದು ಪೂಜೆ ದಿನ ಒಂದ್ಸಲ. ಸ್ಟಾರ್ಟ್ ಮಾಡಿದ್ದೇ ತಡ ಇಳಿದ್ಬಿಟ್ರಿ!”

ಸುತ್ತ ಸೇರಿದ್ದವರು ಗೊಳ್ಳೆಂದರು. ಅವಳು ನನ್ನ ಕಡೆ ತಿರುಗಿದಳು. “ಈಗ ನನ್ನತ್ರ ಮಾತಾಡ್ರಿ. ಎಷ್ಟು, ಯಾಕೆ ಅಷ್ಟು, ಹೇಳ್ರಿ.”

ನನ್ನ ಕೈ ತಾನಾಗಿ ಟವೆಲ್ ಕಡೆ ಹೋಯಿತು. ಅವಳು ಅದನ್ನು ಕಂಡಳು. “ಅದರ ಕೆಳಗೆಲ್ಲಾ ನಾನು ಕೈ ಇಕ್ಕಲ್ಲ ಅಣ್ಣಾ. ಬಾಯಿ ಐತಲ್ಲ ನಿಮಗೆ?”

ಬಾಯಿ ಇತ್ತು. ಟವೆಲ್ಲನ್ನು ಮಡಚಿ ಹೆಗಲಿಗೆ ಹಾಕಿಕೊಂಡೆ. ಅಷ್ಟು ವರ್ಷಗಳಲ್ಲಿ ನಾನು ನಾಲ್ಕು ಜನರ ಎದುರು ಒಂದು ಬೆಲೆಯನ್ನೂ ಉಚ್ಚರಿಸಿದವನಲ್ಲ. ಅವಳು ಮಾವನ ಕೈಯಿಂದ ಮುಂಗಡ ತೆಗೆದುಕೊಂಡು ನನಗೆ ವಾಪಸು ಕೊಟ್ಟಳು. “ಕುಂತ್ಕಳ್ರಿ, ಕಾಫಿ ಕುಡಿದು ಹೋಗ್ರಿ,” ಎಂದಳು. ಕುಡಿದು ಬಂದೆವು.

ದಾರಿಯಲ್ಲಿ ಸಾಹೇಬರು ಬೈಯಲಿಲ್ಲ. “ನಾನಾಗಿದ್ರೂ ಮಾವನ ಜತೆನೇ ಮಾತಾಡ್ತಿದ್ದೆ ಬಿಡ್ರಿ,” ಎಂದರು. ಸಮಾಧಾನದ ಮಾತೇ. ನನಗೆ ಸಮಾಧಾನವಾಗಲಿಲ್ಲ. ನನಗೆ ದನ ಗೊತ್ತು, ಜನ ಗೊತ್ತು ಎಂದುಕೊಂಡಿದ್ದೆ. ನಿಜವಾಗಿ ಗೊತ್ತಿದ್ದದ್ದು ಮುಚ್ಚಿದ ಬಟ್ಟೆಯ ಕೆಳಗೆ ಒಬ್ಬನಿಗೆ ಒಂದು ಬೆಲೆ, ಇನ್ನೊಬ್ಬನಿಗೆ ಇನ್ನೊಂದು ಬೆಲೆ ಹೇಳುವುದು ಮಾತ್ರವೇ? ಅದನ್ನು ಕಿತ್ತುಕೊಂಡರೆ ನನ್ನಲ್ಲಿ ಉಳಿಯುವುದೇನು? ಕೆಲಸ ಬದಲಿಸುತ್ತೇನೆ ಎಂದು ಬಂದವರನ್ನೆಲ್ಲ ನಾನು ಈಗ ಇದನ್ನೇ ಕೇಳುತ್ತೇನೆ: ನಿಮ್ಮ ಕುರ್ಚಿ, ನಿಮ್ಮ ತಕ್ಕಡಿ, ನಿಮ್ಮ ಹೆಸರು ತೆಗೆದಿಟ್ಟರೆ ನೀವು ಏನು ಮಾಡಬಲ್ಲಿರಿ? ಮನೆಯಲ್ಲಿ ಕುಳಿತು ಇದಕ್ಕೆ ಉತ್ತರ ಸಿಗುವುದಿಲ್ಲ. ಮಾಡಿಯೇ ನೋಡಬೇಕು.

ಶನಿವಾರ ಒಬ್ಬನೇ ಬಸ್ಸು ಹತ್ತಿ ಅದೇ ಹಳ್ಳಿಗೆ ಹೋದೆ. ಸಾಹೇಬರಿಗೆ ಫೋನಿನಲ್ಲಿ ಹೇಳಿದ್ದೆ. ಆ ಸೊಸೆಗೆ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಲು ಹೇಳಿ, ಪಕ್ಕದಲ್ಲಿ ನಿಂತು, ಮೆಕ್ಯಾನಿಕ್ ನನ್ನ ಕಿವಿಯಲ್ಲಿ ಹೇಳಿದ್ದನ್ನೆಲ್ಲ ಜೋರಾಗಿ ಹೇಳಿದೆ. ಹೊಗೆ ಕಪ್ಪಗಿದೆ. ಹಿಂದಿನ ಎಡ ಟೈರು ಸವೆದಿದೆ. ಕ್ಲಚ್ ಹಳೆಯದು. ಗೇರ್‌ಬಾಕ್ಸ್ ಮಾತ್ರ ಹೊಸದರ ಹಾಗಿದೆ, ಓಡಿಸಿದವರ ಕೈ ಒಳ್ಳೆಯದು. ಕೊನೆಗೆ ಬೆಲೆಯನ್ನೂ ಹೇಳಿದೆ. ಸುತ್ತ ನಿಂತವರಿಗೆ ಯಾರನ್ನೋ ಗದರಿಸಿದ ಹಾಗೆ ಕೇಳಿಸಿತಂತೆ.

“ಇದ್ನ ಮೊನ್ನೆನೇ ಹೇಳಿದ್ರೆ ಬಸ್ ಚಾರ್ಜ್ ಉಳೀತಿತ್ತು,” ಎಂದಳು. ಕ್ಲಚ್ ಹೋದ ವರ್ಷ ಹಾಕಿಸಿದ್ದು ಎಂದು ರಸೀದಿ ತಂದು ತೋರಿಸಿದಳು. ನಾನು ಬೆಲೆ ಏರಿಸಿದೆ. ಪಕ್ಕದ ಮನೆಯವನು ಇನ್ನೂ ಏರಿಸಿ ಎಂದ. ಟೈರಿನ ಹತ್ತಿರ ಅವನನ್ನು ಕರೆದೊಯ್ದು ಕೈಯಿಂದ ಮುಟ್ಟಿಸಿದೆ, ತಲೆಯಾಡಿಸಿ ಹಿಂದೆ ಸರಿದ. ಗುರುವಾರದ ಬೆಲೆಗಿಂತ ಹೆಚ್ಚಿಗೆ, ಸಾಹೇಬರ ಮಿತಿಯ ಒಳಗೇ ಮುಗಿಯಿತು. ಇದು ನನ್ನ ದೊಡ್ಡ ವ್ಯಾಪಾರವಲ್ಲ. ಆದರೆ ಮುಚ್ಚಿಡದೆಯೂ ನನಗೆ ಚೌಕಾಸಿ ಮಾಡಲು ಬರುತ್ತದೆ ಎಂದು ತಿಳಿದದ್ದು ಅಂದು.

ಸೋಮವಾರ ಶೆಡ್ಡಿಗೆ ಹೋಗಿ ಸಾಹೇಬರಿಗೆ ನನ್ನ ಶರತ್ತು ಹೇಳಿದೆ. ಸಂಬಳ ಬೇಡ, ಗಾಡಿಗಿಷ್ಟು ಎಂದು ಕೊಡಿ. ಬಿತ್ತನೆ ಮುಗಿಯುವವರೆಗೆ ಸಂತೆಯ ದಿನ ನಾನು ಸಂತೆಯಲ್ಲೇ, ನನ್ನನ್ನು ನಂಬಿದ ರೈತರಿಗೆ ಎತ್ತು ಕೊಡಿಸಬೇಕು.

“ಎರಡು ಕಡೆ ಕಾಲಿಡ್ತೀರಾ?”

“ಈ ಕಾಲು ಊರೋ ತನಕ ಆ ಕಾಲು ಎತ್ತಲ್ಲ ಸಾಹೇಬ್ರೇ.”

ಅರ್ಧ ಗಂಟೆ ಎಳೆದಾಡಿದರು. ಒಪ್ಪಿದರು.

ಎರಡು ವರ್ಷವಾಯಿತು. ಶೆಡ್ಡಿನಲ್ಲಿ ನನಗಾಗಿ ಯಾರೂ ಎದ್ದು ಜಾಗ ಕೊಡುವುದಿಲ್ಲ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನಾದ ಮೆಕ್ಯಾನಿಕ್, “ಅದು ಹೈಡ್ರಾಲಿಕ್ ಅಲ್ಲ ಕಣಣ್ಣಾ, ಎಷ್ಟು ಸಲ ಹೇಳ್ಲಿ,” ಎಂದು ಗಿರಾಕಿಗಳ ಎದುರೇ ತಿದ್ದುತ್ತಾನೆ. ಮೊದಮೊದಲು ಮುಖ ಬಿಸಿಯಾಗುತ್ತಿತ್ತು. ಈಗ ಇನ್ನೊಂದು ಸಲ ತೋರಿಸು ಎನ್ನುತ್ತೇನೆ. ಮೊನ್ನೆ ಭೀಮಸಮುದ್ರದ ತೋಟದವರೊಬ್ಬರು ನಾನು ಹೇಳಿದ ಬೆಲೆ ಕೇಳಿ, “ಅದೆಂಗೆ ಲೆಕ್ಕ ಹಾಕಿದ್ರಿ?” ಎಂದರು. ಗಾಡಿಯ ಸುತ್ತ ನಡೆಸಿ ಒಂದೊಂದನ್ನೂ ಹೇಳಲು ಅರ್ಧ ಗಂಟೆ ಹಿಡಿಯಿತು. ಅವರು ಕೊಳ್ಳಲಿಲ್ಲ. ಮರುದಿನ, ಗಾಡಿ ಕೊಳ್ಳಬೇಕೆಂದಿದ್ದ ತಮ್ಮನನ್ನು ನನ್ನ ಹತ್ತಿರ ಕಳಿಸಿದರು.